ಯಂತ್ರಕ್ಕೆ ಕಾರ್ಯ ಹೇಳಿದ ಭಾಷೆಗಳು

ಗಣಕಯಂತ್ರಕ್ಕಾಗಿ ಸಾಮಾನ್ಯವಾಗಿ ಬರೆಯುವ ಪ್ರೋಗ್ರಾಮು ಒಂದು ಆಜ್ಞಾಪತ್ರ. ಮೊದಲು ಇದನ್ನು ಮಾಡು, ಅನಂತರ ಅದನ್ನು ಮಾಡು, ಇಂಥ ಸಂಖ್ಯೆ ಶೂನ್ಯವಾದರೆ ಇಲ್ಲಿಗೆ ಹಿಂತಿರುಗು ಎಂದು ಒಂದೊಂದು ಹೆಜ್ಜೆಯನ್ನೂ ಬರೆದವನೇ ಮುಂಚಿತವಾಗಿ ಯೋಚಿಸಿ ಇಟ್ಟಿರುತ್ತಾನೆ. ಯಂತ್ರವು ಆ ಹೆಜ್ಜೆಗಳನ್ನು ತಪ್ಪದೆ ಅನುಸರಿಸುತ್ತದೆ. ಆದರೆ ಕಾರ್ಯವನ್ನು ಹೇಳುವುದಕ್ಕೆ ಇನ್ನೊಂದು ಬಗೆಯೂ ಉಂಟು: ಲೋಕದ ಸ್ಥಿತಿ ಈಗ ಹೀಗಿದೆ, ನಿನ್ನಿಂದಾಗತಕ್ಕ ಕ್ರಿಯೆಗಳು ಇವು, ನಮಗೆ ಬೇಕಾದ ಫಲ ಇದು ಎಂದು ಮೂರು ಮಾತುಗಳನ್ನು ತಿಳಿಸಿ, ಹೆಜ್ಜೆಗಳ ಅನುಕ್ರಮವನ್ನು ಕಂಡುಕೊಳ್ಳುವ ಭಾರವನ್ನು ಯಂತ್ರಕ್ಕೇ ಬಿಡುವುದು. ಹೀಗೆ ತಾನೇ ಯೋಜನೆ ಹಾಕಿ ತಾನೇ ನಡೆಯಿಸುವ ಯಂತ್ರಕ್ಕೆ ಇಂದಿನ ಶಾಸ್ತ್ರಜ್ಞರು ಏಜೆಂಟ್ ಎನ್ನುತ್ತಾರೆ. ಅಂಥ ಏಜೆಂಟಿನೊಡನೆ ವ್ಯವಹರಿಸುವುದಕ್ಕಾಗಿ ಹುಟ್ಟಿದ ಭಾಷೆಗಳಿಗೆ ಅರುವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯನ್ನು ಸಾವಧಾನವಾಗಿ ನೋಡಿದರೆ, ಅದು ಆದ್ಯಂತವಾಗಿ ಒಂದೇ ಪ್ರಶ್ನೆಯ ಸುತ್ತ ತಿರುಗಿರುವುದು ಕಾಣುತ್ತದೆ. ಯಂತ್ರಕ್ಕೆ ಎಷ್ಟನ್ನು ಹೇಳಬೇಕು, ಎಷ್ಟನ್ನು ಹೇಳದೆ ಬಿಡಬಹುದು ಎಂಬುದೇ ಆ ಪ್ರಶ್ನೆ.

೧೯೫೮ರ ನವೆಂಬರಿನಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ, ಅಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಆಶ್ರಯದಲ್ಲಿ, ಚಿಂತನಕ್ರಿಯೆಯ ಯಾಂತ್ರೀಕರಣವನ್ನೇ ವಿಷಯವಾಗಿಟ್ಟುಕೊಂಡು ಒಂದು ವಿದ್ವತ್ಸಭೆ ನೆರೆಯಿತು. ಅಮೆರಿಕದ ಗಣಿತಜ್ಞ ಜಾನ್ ಮೆಕಾರ್ಥಿ ಆ ಸಭೆಯಲ್ಲಿ ಮಂಡಿಸಿದ ಪ್ರಬಂಧವನ್ನೇ ಈ ಚರಿತ್ರೆಯ ಆರಂಭವೆಂದು ಎಣಿಸಬಹುದು. ಸಾಮಾನ್ಯ ಜ್ಞಾನವುಳ್ಳ ಒಂದು ಪ್ರೋಗ್ರಾಮನ್ನು ಕಟ್ಟಬೇಕು, ಅದಕ್ಕೆ ತಿಳಿಯಬೇಕಾದುದನ್ನೆಲ್ಲ ತರ್ಕಶಾಸ್ತ್ರದ ವಾಕ್ಯಗಳಾಗಿ ಬರೆದುಕೊಡಬೇಕು, ಆ ವಾಕ್ಯಗಳಿಂದ ಅನುಮಾನ ಮಾಡಿ ಅದು ತನ್ನ ಮುಂದಿನ ಕ್ರಿಯೆಯನ್ನು ನಿಶ್ಚಯಿಸಬೇಕು ಎಂಬುದು ಅವರ ಸಂಕಲ್ಪ. ಅವರು ಕೊಟ್ಟ ನಿದರ್ಶನವು ತೀರ ಸರಳವಾದುದು: ಒಬ್ಬಾತ ಮನೆಯಲ್ಲಿ ತನ್ನ ಮೇಜಿನ ಮುಂದೆ ಕುಳಿತಿದ್ದಾನೆ, ಅವನ ಕಾರು ಮನೆಯಲ್ಲಿಯೇ ಇದೆ, ಅವನು ವಿಮಾನನಿಲ್ದಾಣಕ್ಕೆ ಹೋಗಬೇಕಾಗಿದೆ. ನಡೆಯಬಹುದಾದ ದೂರ ಯಾವುದು, ಕಾರಿನಲ್ಲಿ ಹೋಗಬಹುದಾದ ದೂರ ಯಾವುದು ಎಂಬುದನ್ನು ವಾಕ್ಯರೂಪದಲ್ಲಿ ತಿಳಿಸಿಕೊಟ್ಟರೆ, ಕಾರಿನವರೆಗೆ ನಡೆ, ಅಲ್ಲಿಂದ ಕಾರಿನಲ್ಲಿ ಹೋಗು ಎಂಬ ನಿರ್ಣಯಕ್ಕೆ ಯಂತ್ರವು ತಾನಾಗಿಯೇ ಬರಬೇಕು. ಸಭೆಯಲ್ಲಿದ್ದ ತರ್ಕಪಂಡಿತ ಯೆಹೋಷುವ ಬಾರ್-ಹಿಲ್ಲೆಲ್ ಇದನ್ನು ಅರೆಬೆಂದ ವಿಚಾರವೆಂದು ಹಾಸ್ಯಮಾಡಿದರು. ಟ್ಯಾಕ್ಸಿ ಕರೆಸುವುದು ಅಗ್ಗವಾಗಬಾರದೇಕೆ, ಪ್ರಯಾಣವನ್ನೇ ರದ್ದುಮಾಡಬಾರದೇಕೆ ಎಂದು ಕೇಳಿದರು. ಆ ಆಕ್ಷೇಪಣೆಯಲ್ಲಿದ್ದುದು ಕೇವಲ ಪರಿಹಾಸವಲ್ಲ. ಲೋಕವ್ಯವಹಾರದ ಅತ್ಯಲ್ಪ ಪ್ರಸಂಗವೂ ಹೇಳದೆ ಉಳಿದ ಅಸಂಖ್ಯ ಮಾತುಗಳಿಂದ ಸುತ್ತುವರಿದಿರುತ್ತದೆಂಬ ಸತ್ಯವನ್ನು ಅದು ಪ್ರಥಮ ದಿನವೇ ಎತ್ತಿ ತೋರಿಸಿತು.

ಮೆಕಾರ್ಥಿ ಹಿಂಜರಿಯಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದ ಮೇಲೆ, ೧೯೬೩ರಲ್ಲಿ, ಅವರು ತಮ್ಮ ವಿಚಾರಕ್ಕೆ ಒಂದು ನಿಯತವಾದ ಗಣಿತರೂಪವನ್ನು ಕೊಟ್ಟರು. ಲೋಕದ ಒಂದು ಕ್ಷಣದ ಸಮಗ್ರ ಸ್ಥಿತಿಗೆ ಸನ್ನಿವೇಶವೆಂದು ಹೆಸರು. ಕ್ರಿಯೆಯೊಂದು ನಡೆದರೆ ಒಂದು ಸನ್ನಿವೇಶದಿಂದ ಇನ್ನೊಂದು ಸನ್ನಿವೇಶ ಹುಟ್ಟುತ್ತದೆ. ಫಲವೆಂಬುದು ನಾವು ಬಯಸುವ ಸನ್ನಿವೇಶ. ಸಿಚುಯೇಷನ್ ಕ್ಯಾಲ್ಕುಲಸ್ ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿರುವ ಈ ಪದ್ಧತಿಯನ್ನು ಅವರು ಪ್ಯಾಟ್ರಿಕ್ ಹೇಯ್ಸ್ ಅವರೊಡನೆ ೧೯೬೯ರಲ್ಲಿ ವಿಸ್ತರಿಸಿ ಬರೆಯುವಾಗ, ಇಬ್ಬರೂ ಒಂದು ವಿಚಿತ್ರವಾದ ತೊಡಕನ್ನು ಎದುರಿಸಬೇಕಾಯಿತು. ಒಬ್ಬನು ಟೆಲಿಫೋನಿನ ಮೂಲಕ ಇನ್ನೊಬ್ಬನೊಡನೆ ಮಾತನಾಡಬೇಕು. ಅದಕ್ಕಾಗಿ ಪುಸ್ತಕದಲ್ಲಿ ಅವನ ನಂಬರನ್ನು ಹುಡುಕಿ, ಅನಂತರ ಡಯಲ್ ಮಾಡಬೇಕು. ಇದಿಷ್ಟನ್ನೂ ವಾಕ್ಯಗಳಲ್ಲಿ ಬರೆದಾಯಿತು. ಆದರೂ ಪ್ರಮಾಣವು ಸಿದ್ಧವಾಗಲೊಲ್ಲದು. ಏಕೆಂದರೆ ನಂಬರನ್ನು ಹುಡುಕಿದ ಮಾತ್ರಕ್ಕೆ ಹುಡುಕಿದವನ ಟೆಲಿಫೋನು ಅವನ ಕೈಬಿಟ್ಟು ಹೋಗುವುದಿಲ್ಲವೆಂಬುದನ್ನು ಯಾರೂ ಯಂತ್ರಕ್ಕೆ ಹೇಳಿರಲಿಲ್ಲ! ಹಾಗೆ ಹೇಳತೊಡಗಿದರೆ ಕೊನೆಯೆಲ್ಲಿ? ನೂರು ಸಂಗತಿಗಳಿರುವ ಲೋಕದಲ್ಲಿ ಐವತ್ತು ಕ್ರಿಯೆಗಳು ಸಾಧ್ಯವಾಗಿದ್ದರೆ, ಯಾವ ಕ್ರಿಯೆಯಿಂದ ಯಾವ ಸಂಗತಿಯು ಬದಲಾಗುವುದಿಲ್ಲವೆಂದು ತಿಳಿಸುವುದಕ್ಕೇ ಸಾವಿರಾರು ವಾಕ್ಯಗಳು ಬೇಕಾಗುತ್ತವೆ. ಬದಲಾಗುವುದು ಸ್ವಲ್ಪ, ಬದಲಾಗದೆ ಉಳಿಯುವುದು ಅಪಾರ. ಆ ಅಪಾರವನ್ನು ಮಾತಿಲ್ಲದೆ ಸೂಚಿಸುವುದು ಹೇಗೆಂಬ ಈ ಸಮಸ್ಯೆಗೆ ಅವರು ಫ್ರೇಮ್ ಪ್ರಾಬ್ಲಮ್ ಎಂದು ಹೆಸರಿಟ್ಟರು.

ಇತ್ತ ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ೧೯೬೬ರಿಂದ ಒಂದು ಚಲಿಸುವ ಯಂತ್ರವು ನಿರ್ಮಾಣವಾಗುತ್ತಿತ್ತು. ಚಲಿಸುವಾಗ ಮೈಯೆಲ್ಲ ನಡುಗುತ್ತಿದ್ದುದರಿಂದ ಅದಕ್ಕೆ ಶೇಕಿ ಎಂದು ಹೆಸರಾಯಿತು. ಚಕ್ರಗಳ ಮೇಲೆ ನಿಂತ ಒಂದು ಕಟ್ಟು, ಅದರ ತುದಿಯಲ್ಲಿ ಟೆಲಿವಿಷನ್ ಕ್ಯಾಮೆರಾ, ದೂರವನ್ನಳೆಯುವ ಒಂದು ಉಪಕರಣ, ಏನಾದರೂ ತಗುಲಿದರೆ ತಿಳಿಸುವ ತಂತಿಗಳು, ಬೇರೆ ಕೋಣೆಯಲ್ಲಿದ್ದ ದೊಡ್ಡ ಗಣಕದೊಡನೆ ರೇಡಿಯೋ ಸಂಪರ್ಕ: ಇಷ್ಟೇ ಅದರ ಶರೀರ. ಅದರ ಲೋಕವೂ ಪರಿಮಿತವಾದುದೇ. ಕೆಲವು ಕೋಣೆಗಳು, ಅವುಗಳ ನಡುವೆ ಬಾಗಿಲುಗಳು, ತಳ್ಳುವುದಕ್ಕೆ ಕೆಲವು ಪೆಟ್ಟಿಗೆಗಳು. ಆರಂಭದಲ್ಲಿ ಇದರ ಯೋಜನೆಗಳನ್ನು ಕಾರ್ಡೆಲ್ ಗ್ರೀನ್ ಅವರ ಪದ್ಧತಿಯಂತೆ, ಅಂದರೆ ಮೆಕಾರ್ಥಿಯ ಸನ್ನಿವೇಶಗಳನ್ನು ಪ್ರಮೇಯಗಳಾಗಿ ಸಾಧಿಸುವ ಕ್ರಮದಿಂದ, ಹಾಕಲು ಯತ್ನಿಸಿದರು. ಬದಲಾಗದಿರುವ ಸಂಗತಿಗಳ ಭಾರದಿಂದ ಪ್ರಮೇಯಸಾಧಕ ಯಂತ್ರವು ಕುಸಿಯುತ್ತಿತ್ತು. ಆಗ ರಿಚರ್ಡ್ ಫೈಕ್ಸ್ ಮತ್ತು ನಿಲ್ಸ್ ನಿಲ್ಸನ್ ಎಂಬ ಇಬ್ಬರು ೧೯೭೧ರಲ್ಲಿ ಸ್ಟ್ರಿಪ್ಸ್ ಎಂಬ ಹೊಸ ಪದ್ಧತಿಯನ್ನು ಪ್ರಕಟಿಸಿದರು; ಮುಂದಿನ ಐವತ್ತು ವರ್ಷಗಳ ಯೋಜನಾಭಾಷೆಗಳಿಗೆಲ್ಲ ಅಸ್ತಿಭಾರವಾದುದು ಅದೇ.

ಸ್ಟ್ರಿಪ್ಸ್‌ನಲ್ಲಿ ಒಂದು ಕ್ರಿಯೆಯನ್ನು ಬರೆಯುವ ರೀತಿಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಒಂದು ಪೆಟ್ಟಿಗೆಯನ್ನು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ತಳ್ಳುವುದು ಕ್ರಿಯೆಯೆಂದು ಇಟ್ಟುಕೊಳ್ಳೋಣ. ಮೊದಲನೆಯದು ಪೂರ್ವಾಪೇಕ್ಷೆ: ಪೆಟ್ಟಿಗೆ ಮೊದಲ ಸ್ಥಳದಲ್ಲಿರಬೇಕು, ರೋಬಾಟೂ ಅಲ್ಲಿಯೇ ಇರಬೇಕು. ಎರಡನೆಯದು ಅಳಿಸುವ ಪಟ್ಟಿ: ಪೆಟ್ಟಿಗೆ ಮೊದಲ ಸ್ಥಳದಲ್ಲಿದೆ, ರೋಬಾಟ್ ಮೊದಲ ಸ್ಥಳದಲ್ಲಿದೆ ಎಂಬ ಎರಡು ವಾಕ್ಯಗಳನ್ನು ಲೋಕವರ್ಣನೆಯಿಂದ ತೆಗೆದುಹಾಕು. ಮೂರನೆಯದು ಸೇರಿಸುವ ಪಟ್ಟಿ: ಎರಡೂ ಹೊಸ ಸ್ಥಳದಲ್ಲಿವೆಯೆಂಬ ವಾಕ್ಯಗಳನ್ನು ಬರೆದುಕೊ. ಪಟ್ಟಿಗಳಲ್ಲಿ ಹೆಸರಿಸದ ಸಂಗತಿಗಳೆಲ್ಲ ಹೇಗಿದ್ದುವೋ ಹಾಗೆಯೇ ಉಳಿದುವೆಂದು ಭಾವಿಸತಕ್ಕದ್ದು. ಈ ಒಂದು ನಿಯಮದಿಂದ ಸಾವಿರಾರು ವಾಕ್ಯಗಳು ಅನವಶ್ಯಕವಾದುವು. ದಾರ್ಶನಿಕನ ದೃಷ್ಟಿಯಿಂದ ಇದು ಸಮಸ್ಯೆಯ ಪರಿಹಾರವಲ್ಲ, ಸಮಸ್ಯೆಯನ್ನು ಬಳಸಿ ಹೋಗುವ ಉಪಾಯ; ಶಿಲ್ಪಿಯ ದೃಷ್ಟಿಯಿಂದ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ. ೧೯೭೦ರಲ್ಲಿಯೇ ಅಮೆರಿಕದ ಲೈಫ್ ಪತ್ರಿಕೆಯು ಶೇಕಿಯನ್ನು ಮನುಷ್ಯಸಮಾನವಾದ ವ್ಯಕ್ತಿಯೆಂಬಂತೆ ವರ್ಣಿಸಿ ಜನರಲ್ಲಿ ಅತಿಯಾದ ಆಶೆಯನ್ನು ಹುಟ್ಟಿಸಿತ್ತು. ಶೇಕಿಯ ನಿಜವಾದ ಸಾಧನೆಯೆಂದರೆ, ದಾರಿಯ ಪೆಟ್ಟಿಗೆಯನ್ನು ಯಾರಾದರೂ ಸರಿಸಿಬಿಟ್ಟರೂ, ಯೋಜನೆಯ ಯಾವ ಭಾಗ ಇನ್ನೂ ಉಪಯೋಗಕ್ಕೆ ಬರುತ್ತದೆಂದು ಪರಿಶೀಲಿಸಿ ಮುಂದುವರಿಯುವ ಅದರ ಸಾಮರ್ಥ್ಯ. ಈಗ ಅದು ಮೌಂಟನ್ ವ್ಯೂ ನಗರದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿದೆ.

ಲೋಕವನ್ನು ಹೇಳುವ ಕಷ್ಟ ಕಡಮೆಯಾದ ಮೇಲೆ ಯೋಜನೆಯನ್ನು ಹುಡುಕುವ ಕಷ್ಟವು ಮುಂದೆ ಬಂದು ನಿಂತಿತು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಜೆರಾಲ್ಡ್ ಸಸ್ಮನ್ ೧೯೭೩ರಲ್ಲಿ ತಮ್ಮ ಸಂಶೋಧನಪ್ರಬಂಧದಲ್ಲಿ ಚರ್ಚಿಸಿದ ಒಂದು ಪುಟ್ಟ ಒಗಟು ಇಂದಿಗೂ ಪ್ರತಿಯೊಬ್ಬ ವಿದ್ಯಾರ್ಥಿಗೂ ಪಾಠವಾಗಿದೆ. ಮೇಜಿನ ಮೇಲೆ ಕ, ಖ, ಗ ಎಂಬ ಮೂರು ಮರದ ದಿಮ್ಮಿಗಳು. ಗ ಎಂಬುದು ಕ-ದ ಮೇಲಿದೆ, ಖ ಬೇರೆಯಾಗಿ ಮೇಜಿನ ಮೇಲಿದೆ. ಬೇಕಾದ ಫಲಗಳು ಎರಡು: ಕ-ವು ಖ-ದ ಮೇಲಿರಬೇಕು, ಖ-ವು ಗ-ದ ಮೇಲಿರಬೇಕು. ಮೊದಲನೆಯ ಫಲವನ್ನೇ ಮೊದಲು ಸಾಧಿಸುವೆನೆಂದು ಗ-ವನ್ನು ಇಳಿಸಿ ಕ-ವನ್ನು ಖ-ದ ಮೇಲಿಟ್ಟರೆ, ಎರಡನೆಯ ಫಲಕ್ಕಾಗಿ ಖ-ವನ್ನು ಎತ್ತುವುದಕ್ಕೆ ಮೊದಲಿನ ಕೆಲಸವನ್ನು ಕೆಡಿಸಬೇಕು. ಎರಡನೆಯದನ್ನೇ ಮೊದಲು ಮಾಡುವೆನೆಂದು ಖ-ವನ್ನು ಗ-ದ ಮೇಲಿಟ್ಟರೆ, ಎಲ್ಲಕ್ಕೂ ಕೆಳಗೆ ಸಿಕ್ಕಿಕೊಂಡ ಕ-ವನ್ನು ಹೊರತೆಗೆಯುವುದಕ್ಕೆ ಮತ್ತೆ ಎಲ್ಲವನ್ನೂ ಇಳಿಸಬೇಕು. ಸರಿಯಾದ ದಾರಿಯು ಎರಡು ಫಲಗಳ ಹೆಜ್ಜೆಗಳನ್ನೂ ಹೆಣೆದುಕೊಂಡು ಹೋಗುತ್ತದೆ: ಗ-ವನ್ನು ಮೇಜಿಗಿಳಿಸು, ಖ-ವನ್ನು ಗ-ದ ಮೇಲಿಡು, ಕ-ವನ್ನು ಖ-ದ ಮೇಲಿಡು. ಒಂದಾದ ಮೇಲೊಂದಾಗಿ ಫಲಗಳನ್ನು ಸಾಧಿಸುತ್ತೇನೆಂಬ ಯಂತ್ರಕ್ಕೆ ಮಗುವಿನ ಆಟದಷ್ಟು ಸುಲಭವಾದ ಈ ಕೆಲಸವನ್ನೇ, ಮಾಡಿದುದನ್ನು ಕೆಡಿಸದೆ ಮುಗಿಸುವುದು ಅಸಾಧ್ಯವಾಯಿತು. ಇದರಿಂದ ಪಾಠ ಕಲಿತು ಅರ್ಲ್ ಸಾಸೆರ್ಡೋಟಿಯವರು ೧೯೭೫ರಲ್ಲಿ ನೋವಾ ಎಂಬ ಪ್ರೋಗ್ರಾಮಿನಲ್ಲಿಯೂ, ಅನಂತರ ಎಡಿನ್‌ಬರೋದಲ್ಲಿ ಆಸ್ಟಿನ್ ಟೇಟ್ ಅವರು ನಾನ್‌ಲಿನ್ ಎಂಬುದರಲ್ಲಿಯೂ, ಹೆಜ್ಜೆಗಳ ಅನುಕ್ರಮವನ್ನು ಅಗತ್ಯ ಬೀಳುವವರೆಗೂ ನಿರ್ಣಯಿಸದೆ ಬಿಡುವ ಮಾರ್ಗವನ್ನು ತೋರಿಸಿದರು. ೧೯೯೪ರಲ್ಲಿ ಟಾಮ್ ಬೈಲಾಂಡರ್ ಅವರು ಸ್ಟ್ರಿಪ್ಸ್ ಮಾದರಿಯ ಯೋಜನೆಯು ಸಾಮಾನ್ಯರೂಪದಲ್ಲಿ ಗಣನೆಯ ಅತಿ ಕಠಿನ ವರ್ಗಗಳಲ್ಲೊಂದಕ್ಕೆ ಸೇರಿದುದೆಂದು ಸಾಧಿಸಿ, ಈ ಕಷ್ಟವು ಶಿಲ್ಪಿಗಳ ಅಕುಶಲತೆಯಿಂದ ಬಂದುದಲ್ಲ, ವಸ್ತುವಿನ ಸ್ವಭಾವದಿಂದಲೇ ಬಂದುದೆಂದು ಸ್ಪಷ್ಟಪಡಿಸಿದರು.

ಹುಡುಕುವಿಕೆ ಇಷ್ಟು ದುಬಾರಿಯಾದುದಾದರೆ ಅದನ್ನು ಬಿಟ್ಟೇ ಬಿಡಬಾರದೇಕೆಂದು ಕೇಳಿದವರೂ ಇದ್ದರು. ಅನುಭವಿಯಾದ ಅಡಿಗೆಯವನು ಹುಳಿಗೆ ಒಗ್ಗರಣೆ ಹಾಕುವಾಗ ಸಾಸುವೆ ಏಕೆ ಸಿಡಿಯುತ್ತದೆಂದು ಪ್ರಥಮ ತತ್ತ್ವಗಳಿಂದ ಅನುಮಾನಿಸುತ್ತ ನಿಲ್ಲುವುದಿಲ್ಲ. ಕೈಗೆ ರೂಢಿಯಾದ ಕ್ರಮಗಳಲ್ಲಿ ಸಂದರ್ಭಕ್ಕೆ ತಕ್ಕುದನ್ನು ಆರಿಸಿಕೊಂಡು ಮುಂದುವರಿಯುತ್ತಾನೆ. ತತ್ತ್ವಶಾಸ್ತ್ರಜ್ಞ ಮೈಕೇಲ್ ಬ್ರಾಟ್‌ಮನ್ ೧೯೮೭ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಮನುಷ್ಯನ ವ್ಯವಹಾರಬುದ್ಧಿಗೆ ನಂಬಿಕೆ ಮತ್ತು ಬಯಕೆಗಳೆರಡೇ ಸಾಲವು, ಒಮ್ಮೆ ಕೈಕೊಂಡ ಸಂಕಲ್ಪವನ್ನು ಸಕಾರಣವಿಲ್ಲದೆ ಬಿಡದಿರುವ ದೃಢತೆಯೂ ಅದರ ಸ್ವತಂತ್ರವಾದ ಅಂಗವೆಂದು ಪ್ರತಿಪಾದಿಸಿದ್ದರು. ಅದೇ ವರ್ಷ ಮೆನ್ಲೊ ಪಾರ್ಕಿನ ಅದೇ ಸಂಸ್ಥೆಯಲ್ಲಿ ಮೈಕೇಲ್ ಜಾರ್ಜೆಫ್ ಮತ್ತು ಏಮಿ ಲ್ಯಾನ್ಸ್ಕಿ ಅವರು ಪಿಆರ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ನಂಬಿಕೆ, ಬಯಕೆ, ಸಂಕಲ್ಪಗಳೆಂಬ ಮೂರನ್ನೂ ಯಂತ್ರದಲ್ಲಿ ಪ್ರತ್ಯೇಕವಾಗಿ ನಿರೂಪಿಸಿ, ಯೋಜನೆಗಳನ್ನು ಮನುಷ್ಯರೇ ಬರೆದಿಟ್ಟ ಭಂಡಾರದಿಂದ ಆರಿಸುವುದು ಅದರ ಕ್ರಮ. ಆಕಾಶನೌಕೆಯ ಚಾಲಕಯಂತ್ರಗಳಲ್ಲಿ ದೋಷವನ್ನು ಪತ್ತೆಮಾಡುವ ಕಾರ್ಯದಲ್ಲಿ ಅದನ್ನು ಪರೀಕ್ಷಿಸಿ ನೋಡಿದರು.

ಜಾರ್ಜೆಫ್ ಆಸ್ಟ್ರೇಲಿಯಕ್ಕೆ ಹೋದ ಮೇಲೆ ಮೆಲ್ಬೋರ್ನ್ ನಗರವು ಈ ಸಂಪ್ರದಾಯಕ್ಕೆ ಕೇಂದ್ರವಾಯಿತು. ಅಲ್ಲಿ ಅವರ ಸಹೋದ್ಯೋಗಿಯಾಗಿದ್ದವರು ಆನಂದ ರಾವ್. ಸಿಡ್ನಿ ವಿಮಾನನಿಲ್ದಾಣದಲ್ಲಿ ಇಳಿಯುವ ವಿಮಾನಗಳ ಸರದಿಯನ್ನು ಗೊತ್ತುಪಡಿಸುವುದಕ್ಕಾಗಿ ಒಯಾಸಿಸ್ ಎಂಬ ವ್ಯವಸ್ಥೆಯನ್ನು ಈ ಮಾರ್ಗದಲ್ಲಿಯೇ ಕಟ್ಟಿದರು. ವಿಮಾನವೊಂದಕ್ಕೆ ಒಂದರಂತೆ ಏಜೆಂಟುಗಳು ಅದರಲ್ಲಿದ್ದುವು. ಹೀಗೆ ಪ್ರಯೋಗವು ನಡೆಯುತ್ತಿತ್ತು, ತರ್ಕಶಾಸ್ತ್ರದ ಸಿದ್ಧಾಂತವೂ ಬೆಳೆಯುತ್ತಿತ್ತು. ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವು ಸಡಿಲವಾಗಿಯೇ ಇತ್ತು. ಆ ಅಂತರವನ್ನು ತುಂಬಲೆಂದು ಆನಂದ ರಾವ್ ೧೯೯೬ರಲ್ಲಿ ಏಜೆಂಟ್‌ಸ್ಪೀಕ್ ಎಂಬ ಭಾಷೆಯನ್ನು ರೂಪಿಸಿದರು. ಅವರು ಕೊಟ್ಟ ಉದಾಹರಣೆಯಲ್ಲಿ ರಸ್ತೆಯ ಓಣಿಗಳಲ್ಲಿ ಕಸವನ್ನು ಎತ್ತುವ ಒಂದು ರೋಬಾಟ್ ಇದೆ. ಅದರ ಒಂದು ಯೋಜನೆಯು ಮೂರು ಅಂಗಗಳಲ್ಲಿ ಮುಗಿಯುತ್ತದೆ. ಇಂಥ ಓಣಿಯಲ್ಲಿ ಕಸ ಬಿದ್ದಿದೆಯೆಂಬ ನಂಬಿಕೆ ಹೊಸದಾಗಿ ಹುಟ್ಟಿತೇ? ಇದು ಪ್ರೇರಕ ಘಟನೆ. ರೋಬಾಟ್ ಅದೇ ಓಣಿಯಲ್ಲಿದ್ದು, ತೊಟ್ಟಿ ಎಲ್ಲಿದೆಯೆಂಬುದು ತಿಳಿದಿದೆಯೇ? ಇದು ಸಂದರ್ಭ. ಹಾಗಾದರೆ ಕಸವನ್ನು ಎತ್ತು, ತೊಟ್ಟಿಯ ಬಳಿ ಇರುವುದನ್ನು ಗುರಿಯಾಗಿ ಇಟ್ಟುಕೊ, ತಲಪಿದ ಮೇಲೆ ಕಸವನ್ನು ಹಾಕು. ಇದು ಯೋಜನೆಯ ಶರೀರ. ನಡುವಿನ ಗುರಿಯನ್ನು ಮುಟ್ಟುವುದು ಹೇಗೆಂಬುದನ್ನು ಇಲ್ಲಿ ಹೇಳಿಲ್ಲ. ಅದಕ್ಕೆ ಬೇರೆ ಯೋಜನೆಗಳಿವೆ, ಅವುಗಳಲ್ಲಿ ಆ ಹೊತ್ತಿಗೆ ಹೊಂದುವುದನ್ನು ಯಂತ್ರವು ಆರಿಸಿಕೊಳ್ಳುತ್ತದೆ. ಈ ಭಾಷೆಯನ್ನು ವಿಸ್ತರಿಸಿ ಕಟ್ಟಿದ ಜೇಸನ್ ಎಂಬ ವ್ಯವಸ್ಥೆಯು ಇಂದಿಗೂ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಬಳಕೆಯಲ್ಲಿದೆ.

ಯೋಜನೆಯನ್ನು ಯಂತ್ರವೇ ಹುಡುಕುವುದು, ಬರೆದಿಟ್ಟುದರಿಂದ ಆರಿಸುವುದು ಎಂಬ ಎರಡು ಮಾರ್ಗಗಳ ನಡುವೆ ಮೂರನೆಯದೊಂದನ್ನು ತೋರಿಸಿದವರು ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ವಿದ್ವಾಂಸರು. ಅವರಲ್ಲಿ ರೇಮಂಡ್ ರೈಟರ್ ೧೯೯೧ರಲ್ಲಿ ಫ್ರೇಮ್ ಪ್ರಾಬ್ಲಮಿಗೆ ತರ್ಕದೊಳಗೇ ಒಂದು ಸಂಕ್ಷೇಪವಾದ ಪರಿಹಾರವನ್ನು ಕೊಟ್ಟಿದ್ದರು. ಕ್ರಿಯೆಯೊಂದರ ಅನಂತರ ಒಂದು ಸಂಗತಿ ನಿಜವಾಗಿರುವುದು ಎರಡೇ ಕಾರಣಗಳಿಂದ ಸಾಧ್ಯ: ಆ ಕ್ರಿಯೆಯೇ ಅದನ್ನು ಉಂಟುಮಾಡಿರಬೇಕು, ಇಲ್ಲವೆ ಅದು ಮೊದಲೇ ನಿಜವಾಗಿದ್ದು ಆ ಕ್ರಿಯೆಯು ಅದನ್ನು ಕೆಡಿಸದೆ ಇದ್ದಿರಬೇಕು. ಸಂಗತಿಯೊಂದಕ್ಕೆ ಇಂಥದೊಂದು ವಾಕ್ಯ ಬರೆದರೆ ಸಾಕು. ಟೆಲಿಫೋನಿನ ಕಥೆ ಅಲ್ಲಿಗೆ ಮುಗಿಯಿತು. ಈ ಅಡಿಪಾಯದ ಮೇಲೆ ರೈಟರ್, ಹೆಕ್ಟರ್ ಲೆವೆಕ್ ಮತ್ತು ಅವರ ಸಂಗಡಿಗರು ೧೯೯೭ರಲ್ಲಿ ಗೋಲಾಗ್ ಎಂಬ ಭಾಷೆಯನ್ನು ಪ್ರಕಟಿಸಿದರು. ಅವರ ಮಾದರಿ ಪ್ರೋಗ್ರಾಮು ಲಿಫ್ಟಿನದು. ಯಾವುದಾದರೂ ಮಹಡಿಯಲ್ಲಿ ಗುಂಡಿ ಹೊತ್ತಿರುವವರೆಗೂ ಅಂಥ ಒಂದು ಮಹಡಿಯನ್ನು ಆರಿಸಿ ಸೇವೆಮಾಡು, ಕೊನೆಗೆ ಕೆಳಗೆ ಬಂದು ನಿಲ್ಲು ಎಂದಷ್ಟೇ ಅದರ ತಾತ್ಪರ್ಯ. ಯಾವ ಮಹಡಿ ಮೊದಲು ಎಂಬುದನ್ನು ಬರೆದವನು ಹೇಳುವುದಿಲ್ಲ. ಎಲ್ಲಿ ಆಯ್ಕೆಯನ್ನು ತೆರೆದಿಟ್ಟಿದ್ದಾನೋ ಅಲ್ಲಿ ಮಾತ್ರ ಯಂತ್ರವು ಯೋಚಿಸುತ್ತದೆ, ಉಳಿದೆಡೆ ಹೇಳಿದಂತೆ ನಡೆಯುತ್ತದೆ. ಅದೇ ವರ್ಷ ಜರ್ಮನಿಯ ಬಾನ್ ನಗರದ ಸಂಗ್ರಹಾಲಯವೊಂದರಲ್ಲಿ ಸಂದರ್ಶಕರಿಗೆ ದಾರಿ ತೋರಿಸಿದ ರೈನೊ ಎಂಬ ರೋಬಾಟ್ ತನ್ನ ಕಾರ್ಯಕ್ರಮವನ್ನು ಗೋಲಾಗ್ ಭಾಷೆಯ ಮೂಲಕ ನಿಶ್ಚಯಿಸುತ್ತಿತ್ತು.

ಯೋಜನಾಶಾಸ್ತ್ರದ ಮುಖ್ಯ ಪ್ರವಾಹದಲ್ಲಿ ಮಾತ್ರ ಒಂದು ಅವ್ಯವಸ್ಥೆ ಉಳಿದುಕೊಂಡಿತ್ತು. ಪ್ರತಿಯೊಂದು ಪ್ರಯೋಗಶಾಲೆಗೂ ತನ್ನದೇ ಭಾಷೆ. ಒಬ್ಬರ ಸಮಸ್ಯೆಯನ್ನು ಇನ್ನೊಬ್ಬರ ಪ್ರೋಗ್ರಾಮಿಗೆ ಕೊಟ್ಟು ತಾರತಮ್ಯ ನೋಡುವಂತಿರಲಿಲ್ಲ. ೧೯೯೮ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಯೋಜಕ ಪ್ರೋಗ್ರಾಮುಗಳ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆಯು ಏರ್ಪಟ್ಟಾಗ, ಯೇಲ್ ವಿಶ್ವವಿದ್ಯಾನಿಲಯದ ಡ್ರೂ ಮ್ಯಾಕ್‌ಡರ್ಮಟ್ ಮತ್ತು ಅವರ ಸಮಿತಿಯವರು ಪಿಡಿಡಿಎಲ್ ಎಂಬ ಸಾಮಾನ್ಯ ಭಾಷೆಯನ್ನು ಸಿದ್ಧಪಡಿಸಿದರು. ಲಿಸ್ಪ್ ಭಾಷೆಯ ಆವರಣಚಿಹ್ನೆಗಳನ್ನು ತೊಟ್ಟ ಸ್ಟ್ರಿಪ್ಸ್ ಎಂದೇ ಅದನ್ನು ಸ್ಥೂಲವಾಗಿ ಹೇಳಬಹುದು. ಕ್ರಿಯೆ, ಅದರ ಪೂರ್ವಾಪೇಕ್ಷೆ, ಅದರ ಪರಿಣಾಮಗಳು ಅದರ ಮುಖ್ಯ ಅಂಗಗಳು. ಆದರೆ ಅವರು ಇಟ್ಟುಕೊಂಡ ಕಟ್ಟಳೆಯೊಂದು ಗಮನಾರ್ಹವಾದುದು: ಈ ಭಾಷೆಯಲ್ಲಿ ಲೋಕದ ಭೌತಸ್ಥಿತಿಯನ್ನು ಮಾತ್ರ ಬರೆಯತಕ್ಕದ್ದು, ಹೀಗೆ ಹುಡುಕಿದರೆ ಬೇಗ ಸಿಕ್ಕೀತು ಎಂಬ ಸಲಹೆಯನ್ನು ಬರೆಯಕೂಡದು. ಸಲಹೆಯನ್ನು ನಿಷೇಧಿಸಿದುದರಿಂದಲೇ ಯಂತ್ರಗಳ ಸ್ವಸಾಮರ್ಥ್ಯವು ಪರೀಕ್ಷೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ಹುಡುಕುವ ವಿಧಾನಗಳು ಹಿಂದೆಂದೂ ಕಾಣದಷ್ಟು ಚುರುಕಾದುವು. ೨೦೦೨ರ ಸ್ಪರ್ಧೆಗಾಗಿ ಮರಿಯಾ ಫಾಕ್ಸ್ ಮತ್ತು ಡೆರೆಕ್ ಲಾಂಗ್ ಅವರು ಸಂಖ್ಯೆಗಳನ್ನೂ ಕಾಲಾವಧಿಗಳನ್ನೂ ಈ ಭಾಷೆಗೆ ಸೇರಿಸಿದರು. ೨೦೦೬ರ ಆವೃತ್ತಿಯಲ್ಲಿ, ಆದರೆ ಒಳ್ಳೆಯದು, ಆಗದಿದ್ದರೂ ಚಿಂತೆಯಿಲ್ಲ ಎಂಬಂಥ ಮೃದುವಾದ ಬಯಕೆಗಳನ್ನು ಹೇಳುವುದಕ್ಕೂ ಅವಕಾಶವಾಯಿತು.

ಈ ಶಾಸ್ತ್ರಕ್ಕೆ ಪ್ರಯೋಗಶಾಲೆಯ ಹೊರಗೆ ಒದಗಿದ ಮಹಾಪರೀಕ್ಷೆಯು ಭೂಮಿಯಿಂದ ಬಹುದೂರದಲ್ಲಿ ನಡೆಯಿತು. ಅಮೆರಿಕದ ನಾಸಾ ಸಂಸ್ಥೆ ೧೯೯೮ರ ಅಕ್ಟೋಬರಿನಲ್ಲಿ ಹಾರಿಸಿದ ಡೀಪ್ ಸ್ಪೇಸ್ ೧ ಎಂಬ ನೌಕೆಯ ನಿರ್ವಹಣೆಯನ್ನು ೧೯೯೯ರ ಮೇ ೧೭ರಿಂದ ೨೧ರವರೆಗಿನ ಅವಧಿಯಲ್ಲಿ ರಿಮೋಟ್ ಏಜೆಂಟ್ ಎಂಬ ಪ್ರೋಗ್ರಾಮಿಗೆ ವಹಿಸಿದರು. ಅದರಲ್ಲಿ ಮೂರು ಭಾಗಗಳು: ಗುರಿಗಳಿಂದ ವೇಳಾಪಟ್ಟಿಯನ್ನು ಕಟ್ಟುವ ಯೋಜಕ, ಅದನ್ನು ನಡೆಯಿಸುವ ಕಾರ್ಯನಿರ್ವಾಹಕ, ದೋಷವನ್ನು ಊಹಿಸಿ ಪರಿಹಾರ ಹುಡುಕುವ ಲಿವಿಂಗ್‌ಸ್ಟನ್, ಈ ಕೊನೆಯದನ್ನು ರೂಪಿಸಿದವರಲ್ಲಿ ಪಾಂಡುರಂಗ ನಾಯಕ್ ಒಬ್ಬರು. ಭೂಮಿಯಿಂದ ಹೋದುದು ಹೆಜ್ಜೆಗಳ ಪಟ್ಟಿಯಲ್ಲ, ಗುರಿಗಳ ಪಟ್ಟಿ. ಎರಡನೆಯ ದಿನ, ಅಯಾನ್ ಎಂಜಿನನ್ನು ನಿಲ್ಲಿಸಬೇಕಾಗಿದ್ದ ವೇಳೆಯಲ್ಲಿ ಪ್ರೋಗ್ರಾಮು ಅದನ್ನು ನಿಲ್ಲಿಸಲಿಲ್ಲ. ಕಾರಣವನ್ನು ಶೋಧಿಸಿದಾಗ ತಿಳಿದುದು ಇದು: ಕಾರ್ಯನಿರ್ವಾಹಕದ ಒಳಗೆ ಏಕಕಾಲದಲ್ಲಿ ನಡೆಯುತ್ತಿದ್ದ ಎರಡು ಕೆಲಸಗಳು ಒಂದು ಸೂಕ್ಷ್ಮಸಂಧಿಯಲ್ಲಿ ಪರಸ್ಪರ ಕಾದು ನಿಂತುಬಿಟ್ಟಿದ್ದುವು. ಲೋಕದ ವರ್ಣನೆಯಲ್ಲಿ ತಪ್ಪಿರಲಿಲ್ಲ, ಯೋಜನೆಯಲ್ಲಿಯೂ ತಪ್ಪಿರಲಿಲ್ಲ. ಹೆಜ್ಜೆಹೆಜ್ಜೆಯಾಗಿ ಮನುಷ್ಯರು ಬರೆದ ಭಾಗದಲ್ಲಿ ತಪ್ಪಿತ್ತು. ಉಳಿದ ದಿನಗಳಲ್ಲಿ ಪ್ರಯೋಗವನ್ನು ಪುನಃ ನಡೆಯಿಸಿ, ನಿಯಮಿಸಿದ್ದ ಪರೀಕ್ಷೆಗಳನ್ನೆಲ್ಲ ಪೂರೈಸಿದರು.

ಈಚೆಗೆ ಮನುಷ್ಯರ ಸಹಜಭಾಷೆಯಲ್ಲಿಯೇ ವ್ಯವಹರಿಸುವ ಬೃಹತ್ ಭಾಷಾಮಾದರಿಗಳು ಬಂದ ಮೇಲೆ, ಇಂಥ ವಿಧಿಬದ್ಧ ಭಾಷೆಗಳ ಕಾಲ ಮುಗಿಯಿತೆಂದು ಹೇಳುವವರಿದ್ದಾರೆ. ನಡೆದಿರುವುದು ಅಷ್ಟು ಸರಳವಾಗಿಲ್ಲ. ೨೦೨೩ರಲ್ಲಿ ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾನಿಲಯದ ವಿದ್ವಾಂಸರು ತೋರಿಸಿದ ಒಂದು ಪದ್ಧತಿಯಲ್ಲಿ, ಭಾಷಾಮಾದರಿಯು ಮನುಷ್ಯನ ಕೋರಿಕೆಯನ್ನು ಪಿಡಿಡಿಎಲ್‌ಗೆ ಪರಿವರ್ತಿಸುತ್ತದೆ. ಯೋಜನೆಯನ್ನು ಹುಡುಕುವ ಕೆಲಸವನ್ನು ಹಳೆಯ ಯೋಜಕವೇ ಮಾಡುತ್ತದೆ. ಮಾತು ಸುಲಲಿತವಾಗಿದ್ದ ಮಾತ್ರಕ್ಕೆ ಯೋಜನೆ ಸರಿಯಾಗಿರಬೇಕಾಗಿಲ್ಲ. ಸರಿಯೆಂದು ಪರೀಕ್ಷಿಸುವುದಕ್ಕೆ ಪೂರ್ವಾಪೇಕ್ಷೆ ಯಾವುದು, ಪರಿಣಾಮ ಯಾವುದೆಂಬುದು ಎಲ್ಲಿಯಾದರೂ ಸ್ಪಷ್ಟವಾಗಿ ಬರೆದಿರಲೇಬೇಕು.

ಮೆಕಾರ್ಥಿಯಿಂದ ಇಲ್ಲಿಯವರೆಗಿನ ಈ ಪರಂಪರೆಯಲ್ಲಿ ಒಂದೊಂದು ಪದ್ಧತಿಯೂ ಒಂದಲ್ಲ ಒಂದು ಹೊರೆಯನ್ನು ಕಡಮೆಮಾಡಿತು. ಸ್ಟ್ರಿಪ್ಸ್ ಬದಲಾಗದುದನ್ನು ಹೇಳುವ ಹೊರೆಯನ್ನು ತೆಗೆಯಿತು. ನೋವಾ ಅನುಕ್ರಮವನ್ನು ಮೊದಲೇ ಹೇಳುವ ಹೊರೆಯನ್ನು ಇಳಿಸಿತು. ಏಜೆಂಟ್‌ಸ್ಪೀಕ್ ಹುಡುಕುವ ಶ್ರಮವನ್ನು ಉಳಿಸಿ ಕ್ರಮಗಳನ್ನು ಬರೆಯುವ ಶ್ರಮವನ್ನು ಮನುಷ್ಯನಿಗೆ ಕೊಟ್ಟಿತು. ಪಿಡಿಡಿಎಲ್ ಸಲಹೆಯನ್ನು ದೂರವಿಟ್ಟು ವರ್ಣನೆಯನ್ನು ಮಾತ್ರ ಕೇಳಿತು. ಆದರೆ ಲೋಕವು ಹೇಗಿದೆ, ಅದರಲ್ಲಿ ಯಾವುದು ಅಪೇಕ್ಷಣೀಯ ಎಂಬ ಎರಡು ಮಾತುಗಳನ್ನು ಹೇಳುವ ಹೊಣೆಯಿಂದ ಯಾವ ಭಾಷೆಯೂ ಮನುಷ್ಯನನ್ನು ಬಿಡುಗಡೆ ಮಾಡಿಲ್ಲ. ತಪ್ಪು ವರ್ಣನೆಯನ್ನು ಕೊಟ್ಟರೆ ನಿರ್ದುಷ್ಟವಾದ ಯೋಜಕವೂ ನಿರ್ದುಷ್ಟವಾಗಿಯೇ ತಪ್ಪು ಕೆಲಸವನ್ನು ಮಾಡುತ್ತದೆ. ಆದುದರಿಂದ ತಾನೇ ಯೋಚಿಸಿ ನಡೆಯುವುದೆಂಬ ಯಂತ್ರವೊಂದನ್ನು ನಮ್ಮ ಆಸ್ಪತ್ರೆಗೋ ರಸ್ತೆಗೋ ಕಚೇರಿಗೋ ತಂದು ನಿಲ್ಲಿಸುವವರನ್ನು, ಅದು ಎಷ್ಟು ಜಾಣವಾದುದೆಂದು ಕೇಳುವುದಕ್ಕೆ ಮೊದಲು, ಅದಕ್ಕೆ ಬರೆದುಕೊಟ್ಟಿರುವ ಲೋಕವರ್ಣನೆಯನ್ನು ತೋರಿಸಿರೆಂದು ಕೇಳುವುದು ವಿವೇಕಿಗಳಾದ ಓದುಗರ ಕರ್ತವ್ಯ.